ಬ್ರೂಸ್ ಲೀ ಪಕ್ಕದಲ್ಲಿ ಜಪಾನಿ ಗೆಳೆಯ!

‘ಫಿಸ್ಟ್ ಆಫ್ ಫ್ಯೂರಿ’ (1972) ನೋಡಿದವರಿಗೆ ಆ ದೃಶ್ಯ ಮರೆಯೋಕಾಗುತ್ತಾ? ಶಾಂಘೈನ ಜಪಾನಿ ಗರಡಿಗೆ ಒಬ್ಬನೇ ನುಗ್ಗಿದ ಬ್ರೂಸ್ ಲೀ ಎದುರಿಗೆ ಬಂದವರನ್ನೆಲ್ಲ ನೆಲಕ್ಕೆ ಕೆಡವುತ್ತಿದ್ದರೆ ಟಾಕೀಸಿನ ತುಂಬ ಶಿಳ್ಳೆಯೋ ಶಿಳ್ಳೆ!

ಆ ಸಿಟ್ಟಿಗೆ ಕಾರಣವೂ ಇತ್ತು. ಲೀ ಬೆಳೆದ ಹಾಂಗ್‌ಕಾಂಗ್ 1941ರ ಡಿಸೆಂಬರ್‌ನಿಂದ 1945ರವರೆಗೆ ಜಪಾನಿ ಸೈನ್ಯದ ಹಿಡಿತದಲ್ಲಿತ್ತು. ಅಲ್ಲಿನ ಚೀನೀಯರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಆದರೆ 1964ರಲ್ಲಿ ಲೀ ಮದುವೆಯಾದಾಗ ವರನ ಪಕ್ಕ ನಿಂತ ಆಪ್ತಗೆಳೆಯ ಯಾರು ಗೊತ್ತೇ? ಟಾಕಿ ಕಿಮುರಾ. ಜಪಾನಿ ವಂಶದವನು!

ಲೀ 1959ರಲ್ಲಿ ಅಮೆರಿಕಕ್ಕೆ ಬಂದು ಸಿಯಾಟಲ್‌ನ ಚೀನೀ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ. ಬಿಡುವಿನಲ್ಲಿ ಕುಂಗ್‌ಫೂ ಹೇಳಿಕೊಡತೊಡಗಿದ. ಮೊದಲ ಶಿಷ್ಯ ಜೆಸ್ಸಿ ಗ್ಲೋವರ್, ಕಪ್ಪು ಜನಾಂಗದವನು. ಆಮೇಲೆ ಬಂದವನು ಕಿಮುರಾ, ಗುರುವಿಗಿಂತ ಹದಿನಾರು ವರ್ಷ ದೊಡ್ಡವನು. ಅಮೆರಿಕದಲ್ಲೇ ಹುಟ್ಟಿದವನಾದರೂ ಯುದ್ಧಕಾಲದಲ್ಲಿ ಸುಮಾರು 1,20,000 ಜಪಾನಿ ವಂಶೀಯರ ಜೊತೆ ಅವನನ್ನೂ ಬಂಧನ ಶಿಬಿರಕ್ಕೆ ತಳ್ಳಿದ್ದರು. ಹೊರಬಂದಾಗ ಅವನ ಆತ್ಮವಿಶ್ವಾಸವೇ ಸತ್ತುಹೋಗಿತ್ತು. ನೀನು ಯಾರಿಗೂ ಕಡಿಮೆಯಲ್ಲ ಎಂದು ಹುರಿದುಂಬಿಸಿ ಮತ್ತೆ ತಲೆಯೆತ್ತುವಂತೆ ಮಾಡಿದವನು ಈ ಚೀನೀ ಹುಡುಗ!

ಗರಡಿಯ ಗುಟ್ಟೇ ಅದು. ಕೈಗೆ ಕೈ ಕೊಟ್ಟು ಅಭ್ಯಾಸಕ್ಕೆ ನಿಂತಾಗ ಎದುರಿಗಿರುವವನು ಯಾವ ಕುಲದವನು ಅಂತ ಯಾರು ಕೇಳ್ತಾರೆ? ಏಟು ತಡೀತಾನಾ ಇಲ್ವಾ, ಅಷ್ಟೇ ಲೆಕ್ಕ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಈ ಮಾತು ಬರೆದಿದ್ದ: ಬರೀ ಮುಖಪರಿಚಯದಿಂದ ಪೂರ್ವಗ್ರಹ ಹೋಗದು, ಸರಿಸಮಾನರಾಗಿ ಒಂದೇ ಗುರಿಗಾಗಿ ಒಟ್ಟಿಗೆ ದುಡಿದರೆ ಕರಗುತ್ತದೆ.

ಹಾಗಂತ ತೆರೆಯ ಮೇಲಿನ ಜಪಾನಿ ಖಳರು ಮಾಯವಾಗಲಿಲ್ಲ, ನೋಡಿದಿರಲ್ಲ. ಗೆಳೆತನ ಇತಿಹಾಸವನ್ನು ಅಳಿಸುವುದಿಲ್ಲ. ಆದರೆ ಯಾವುದೋ ಸೈನ್ಯ ಮಾಡಿದ ಪಾಪವನ್ನು ಎದುರಿಗೆ ನಿಂತ ಮನುಷ್ಯನ ತಲೆಗೆ ಕಟ್ಟಬಾರದೆಂದು ಕಲಿಸುತ್ತದೆ.

1973ರ ಜುಲೈ 20ರಂದು, ಕೇವಲ 32ರ ಹರೆಯದಲ್ಲಿ ಲೀ ಕಣ್ಮುಚ್ಚಿದ. ಸಿಯಾಟಲ್‌ನಲ್ಲಿ ಅವನ ಶವಪೆಟ್ಟಿಗೆ ಹೊತ್ತವರಲ್ಲಿ ಬಿಳಿಯರಾದ ಸ್ಟೀವ್ ಮೆಕ್ವೀನ್ ಮತ್ತು ಜೇಮ್ಸ್ ಕೋಬರ್ನ್ ಇದ್ದರು, ಫಿಲಿಪಿನೋ ವಂಶದ ಡ್ಯಾನ್ ಇನೊಸಾಂಟೊ ಇದ್ದ, ಕಿಮುರಾ ಇದ್ದ. ಮುಂದೆ ದಶಕಗಳ ಕಾಲ ಆ ಸಮಾಧಿಯನ್ನು ಜೋಪಾನ ಮಾಡಿದವನೂ ಕಿಮುರಾನೇ. 2021ರಲ್ಲಿ, 96ನೇ ವಯಸ್ಸಿನಲ್ಲಿ ಅವನೂ ಹೊರಟುಹೋದ.

ಅಭಿಮಾನಿ ಮಿತ್ರರೇ, ಲೀಯ ಒದೆತವನ್ನು ಕನ್ನಡಿ ಮುಂದೆ ಕಲಿತವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವನ ದೋಸ್ತಿಯನ್ನೂ ಒಂದಿಷ್ಟು ಕಲಿಯೋಣವಾ?