ಮೂಲೆಗೆ ಬಿದ್ದ ಮೊಪೆಡ್ ಏಕೆ ಮುನಿಯುತ್ತದೆ?

‘ತಿಂಗಳುಗಟ್ಟಲೆ ನಿಂತಿದ್ದ ಹಳೇ ಟಿವಿಎಸ್ 50 ಈ ಚಳಿಯಲ್ಲಿ ಎಷ್ಟು ಪೆಡಲ್ ತುಳಿದರೂ ಸ್ಟಾರ್ಟ್ ಆಗುತ್ತಿಲ್ಲ. ಎಥೆನಾಲ್ ಬೆರೆಸಿದ ಪೆಟ್ರೋಲೇ ಕಾರಣವೇ?’ ಡೆಂಕಣಿಕೋಟೆಯ ಓದುಗರೊಬ್ಬರ ಪ್ರಶ್ನೆ ಇದು. ಪಕ್ಕದ ಹೊಸೂರಿನಿಂದ 1980ರಲ್ಲಿ ರಸ್ತೆಗಿಳಿದ ಗಾಡಿ ಅದು.

ಈಗ ಎಲ್ಲ ಪಾಪವನ್ನೂ ಎಥೆನಾಲ್ ತಲೆಗೆ ಕಟ್ಟುವುದು ರೂಢಿ. ಎಥೆನಾಲ್ ಇಲ್ಲದ ಕಾಲದಲ್ಲೂ ನಿಂತ ಗಾಡಿ ಮೊಂಡು ಹಿಡಿಯುತ್ತಿತ್ತು. ಎಂಜಿನ್ನಿನಲ್ಲಿ ಉರಿಯುವುದು ಪೆಟ್ರೋಲಿನ ಆವಿ. ತಣ್ಣಗಿರುವಾಗ ಆ ಆವಿ ಒದಗಿಸುವವು ಬ್ಯೂಟೇನ್, ಪೆಂಟೇನ್‌ನಂಥ ಹಗುರ ಅಂಶಗಳು. ನಿಂತ ಟ್ಯಾಂಕಿನಿಂದ ಮೊದಲು ಹಾರಿಹೋಗುವವೂ ಅವೇ. ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್ನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದೂ ತಣ್ಣಗಿರುವಾಗ ಸೀಮೆಎಣ್ಣೆ ಸಾಕಷ್ಟು ಆವಿ ಕೊಡದೆಂಬ ಕಾರಣಕ್ಕೇ.

ಹಾಗೆಂದು ಎಥೆನಾಲ್ ನಿರಪರಾಧಿಯಲ್ಲ. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಎಂಜಿನ್ ಸವೆಯದಂತೆ ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬೊರೇಟರಿಗೆ ಹೋಗುವುದು ತಳದ್ದು! ಹಾಗಾಗಿ ಮೊದಲು ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ, ಜೆಟ್ ಸ್ವಚ್ಛ ಮಾಡಿಸಿ. ಆಮೇಲೆ ತುಳಿದು ನೋಡಿ, ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿಯನ್ನು, ಪಾಯಿಂಟನ್ನು ಪರೀಕ್ಷಿಸಬೇಕು.

ಇವೆಲ್ಲ ಸರಿಯಿದ್ದೂ ಹಟ ಬಿಡದಿದ್ದರೆ? ಇಲ್ಲಿ ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ನೆನಪಾಗುತ್ತಾನೆ. ಈ ಮೊಪೆಡ್ಡಿನಲ್ಲಿರುವ ಟೂ ಸ್ಟ್ರೋಕ್ ಬಗೆಯ ಎಂಜಿನ್ ಅವನಿಗಿಂತ ಮೊದಲೇ ಇತ್ತು. ಡುಗಾಲ್ಡ್ ಕ್ಲರ್ಕ್ ಕಟ್ಟಿದ್ದ ಎಂಜಿನ್ನಿಗೆ ಗಾಳಿ, ಇಂಧನ ತುಂಬಲು ಬೇರೆಯೇ ಪಂಪು ಬೇಕಿತ್ತು. ಡೇ ಆ ಪಂಪನ್ನೇ ಕಿತ್ತುಹಾಕಿ, ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿಗೇ ಆ ಕೆಲಸ ಒಪ್ಪಿಸಿದ. ಪಿಸ್ಟನ್ ಮೇಲೇರಿದಾಗ ಅದು ಮಿಶ್ರಣವನ್ನು ಒಳಗೆಳೆದು, ಇಳಿದಾಗ ಸಿಲಿಂಡರಿಗೆ ದೂಡುತ್ತದೆ, ಕಮ್ಮಾರನ ತಿದಿಯ ಹಾಗೆ. ಎಂಥ ಉಪಾಯ! ಮೊಪೆಡ್ಡಿನಿಂದ ಔಟ್‌ಬೋರ್ಡ್‌ವರೆಗೆ ಅಗ್ಗದ ಎಂಜಿನ್ನುಗಳು ಸಾಧ್ಯವಾದದ್ದು ಇದರಿಂದ.

ಆದರೆ ತಿದಿ ತೂತಾದರೆ ಊದುವುದಿಲ್ಲ. ಕ್ರ್ಯಾಂಕ್‌ನ ತುದಿಗಳಲ್ಲಿರುವ ಆಯಿಲ್ ಸೀಲ್ ಎಂಬ ರಬ್ಬರ್ ಬಳೆ ವಯಸ್ಸಾದಂತೆ ಗಡುಸಾಗಿ ಸೀಳುತ್ತದೆ. ಆ ಸಂದಿಯಿಂದ ಹೊರಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಪ್ಲಗ್ ಕಿಡಿ ಹಾರಿಸಿದರೂ ಹೊತ್ತಿಕೊಳ್ಳುವುದಿಲ್ಲ. ಕೆಲವರು ಪ್ಲಗ್ ಮೇಲೆ ಪ್ಲಗ್ ಬದಲಿಸುತ್ತ ದುಡ್ಡು ಕಳೆಯುವುದು ಈ ಹಂತದಲ್ಲೇ. ಹೇಗೋ ಸ್ಟಾರ್ಟ್ ಆದ ಎಂಜಿನ್ ಆಕ್ಸಿಲರೇಟರ್ ಕೊಡದೆಯೂ ತಾನೇ ರೇಸ್ ಆಗುತ್ತಿದ್ದರೆ, ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು, ಮೆಕ್ಯಾನಿಕ್ಕಿಗೆ ಮೊದಲು ಸೀಲ್ ನೋಡಲು ಹೇಳಿ.