ನಗೆಪ್ರಹಸನ ಮತ್ತು ನಮ್ಮ ಆರೋಗ್ಯ

ಜಾತ್ರೆಯ ರಾತ್ರಿ ತೇರೆಳೆದ ಮೇಲೆ ನಡೆಯುವ ನಾಟಕದಲ್ಲಿ ಜನರು ಕಾದಿರುವುದು ಯಾರಿಗಾಗಿ? ರಾಜನಿಗಾಗಿಯೂ ಅಲ್ಲ, ನಾಯಕಿಗಾಗಿಯೂ ಅಲ್ಲ. ಹಾಸ್ಯಪಾತ್ರಧಾರಿ ರಂಗಕ್ಕೆ ಬಂದೊಡನೆ ತೂಕಡಿಸುತ್ತಿದ್ದ ಹಿರಿಯರೂ ಎದ್ದು ಕುಳಿತುಕೊಳ್ಳುತ್ತಾರೆ.

ಭರತಮುನಿಯ ನಾಟ್ಯಶಾಸ್ತ್ರವು ಹತ್ತು ಬಗೆಯ ರೂಪಕಗಳಲ್ಲಿ ಪ್ರಹಸನಕ್ಕೂ ಸ್ಥಾನ ಕೊಟ್ಟಿದೆ. ಕನ್ನಡದಲ್ಲಿ ಟಿ.ಪಿ. ಕೈಲಾಸಂ ಅವರು ನಮ್ಮ ನಡುಮನೆಯನ್ನೇ ರಂಗಕ್ಕೆ ತಂದು, ಇಂಗ್ಲಿಷು ಬೆರೆತ ಮನೆಮಾತನ್ನು ಪಾತ್ರಗಳಿಂದ ಆಡಿಸಿದರು. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಅಂದಂದಿನ ಸುದ್ದಿಯನ್ನು ನಿಂತಲ್ಲಿಯೇ ಮಾತಾಗಿಸಿ ಅಧಿಕಾರಸ್ಥರನ್ನು ಕುಟುಕಿದರು. ಇಂಥ ನಾಟಕಗಳಲ್ಲಿ ಪ್ರೇಕ್ಷಕನು ಕಂಡದ್ದು ತನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಯನ್ನೇ. ಅದನ್ನು ತುಸು ಓರೆಯಾಗಿ ಹಿಡಿದು ತೋರಿಸಲಾಗಿತ್ತು, ಅಷ್ಟೆ. ನಗೆಪ್ರಹಸನದ ಆಕರ್ಷಣೆಯೆಲ್ಲ ಅಲ್ಲಿಯೇ ಇದೆಯೆಂದು ನನ್ನ ಎಣಿಕೆ. ಮನೆಯಲ್ಲಿ ಮೊಮ್ಮಗನು ಅಜ್ಜನ ಕೋಲು ಹಿಡಿದು, ಕೆಮ್ಮಿ, ಚಹಾಕ್ಕಾಗಿ ಕೂಗಿದಂತೆ ನಟಿಸುವಾಗಲೂ ನಡೆಯುವುದು ಇದೇ.

ನಗುವಾಗ ವಪೆಯೂ ಹೊಟ್ಟೆಯ ಸ್ನಾಯುಗಳೂ ಮತ್ತೆ ಮತ್ತೆ ಬಿಗಿಯುತ್ತವೆ, ಉಸಿರು ತುಂಡುತುಂಡಾಗಿ ಹೊರಬೀಳುತ್ತದೆ, ನಾಡಿಯ ವೇಗ ಏರುತ್ತದೆ. ಅನಂತರ ಮೈ ಸಡಿಲಗೊಳ್ಳುತ್ತದೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು, ಹಾಸ್ಯದೃಶ್ಯ ನೋಡಿ ಮನಸಾರೆ ನಕ್ಕವರಲ್ಲಿ ನೋವು ಸಹಿಸುವ ಶಕ್ತಿ ಹೆಚ್ಚುವುದನ್ನು ಪ್ರಯೋಗದಿಂದ ಕಂಡರು. ಮನುಷ್ಯನು ಒಬ್ಬನೇ ಇದ್ದಾಗ ನಗುವುದಕ್ಕಿಂತ ಇತರರೊಡನೆ ಇದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ಅಮೆರಿಕದ ರಾಬರ್ಟ್ ಪ್ರೊವೈನ್ ಗುರುತಿಸಿದರು. 1995ರಲ್ಲಿ ಮುಂಬಯಿಯ ವೈದ್ಯ ಮದನ್ ಕಟಾರಿಯಾ ಅವರು ಉದ್ಯಾನವೊಂದರಲ್ಲಿ ನಗೆಕೂಟ ಆರಂಭಿಸಿದಾಗ, ಮೊದಮೊದಲು ಎಲ್ಲರೂ ನಗೆಹನಿ ಹೇಳಿ ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ನಗೆಹನಿಗಳು ತೀರಿ, ಪರರನ್ನು ನೋಯಿಸುವಂಥವು ಬರತೊಡಗಿದವು. ಅವರು ಆ ಪದ್ಧತಿಯನ್ನೇ ಕೈಬಿಟ್ಟು, ಕಾರಣವಿಲ್ಲದೆ ನಗುವ ಅಭ್ಯಾಸಕ್ಕೆ ತಿರುಗಬೇಕಾಯಿತು.

ಚರಕಸಂಹಿತೆಯು ತಡೆಯಬಾರದ 13 ವೇಗಗಳನ್ನು ಹೇಳುವಾಗ ಕಣ್ಣೀರನ್ನು ಸೇರಿಸಿದೆ, ನಗುವನ್ನು ಸೇರಿಸಿಲ್ಲ. ವಿದ್ಯಾರ್ಥಿಯಾಗಿದ್ದಾಗ ಇದು ನನಗೆ ವಿಚಿತ್ರವೆನಿಸಿತ್ತು. ಸದ್ವೃತ್ತದ ಭಾಗದಲ್ಲಿ ಗಟ್ಟಿಯಾಗಿ ನಗಬಾರದೆಂದಿದೆ. ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಮಾತಾಡದೆ, ನಗದೆ, ಅನ್ನದಲ್ಲಿಯೇ ಮನಸ್ಸಿಟ್ಟು ಉಣ್ಣಬೇಕೆಂದಿದೆ. ಟಿ.ವಿ.ಯ ಹಾಸ್ಯಕಾರ್ಯಕ್ರಮದ ಮುಂದೆ ತಟ್ಟೆ ಹಿಡಿದು ಕೂರುವವರು ಇದನ್ನು ಗಮನಿಸಬೇಕು. ನಗುವಾಗ ಅಗುಳು ನೆತ್ತಿಗೇರುವುದನ್ನು ಎಲ್ಲರೂ ಬಲ್ಲರು. ವೃದ್ಧರಲ್ಲಿ, ಪಾರ್ಶ್ವವಾಯು ಆದವರಲ್ಲಿ ಅದು ಪ್ರಾಣಕ್ಕೇ ಎರವಾದೀತು. ಉಬ್ಬಸವುಳ್ಳವರಿಗೆ ವಿಪರೀತ ನಗುವಿನಿಂದ ಕೆಮ್ಮು ಕೆರಳುವುದುಂಟು. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಗಾಯ ಮಾಯುವ ತನಕ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ನಗುವುದು ಲೇಸು. ಇನ್ನು ಹಾಸಿಗೆಯಲ್ಲಿ ಮಲಗಿ ಮೊಬೈಲಿನ ಕಿರುಪ್ರಹಸನಗಳನ್ನು ನಡುರಾತ್ರಿಯವರೆಗೆ ಒಂದರ ಹಿಂದೊಂದು ನೋಡುವುದನ್ನು ನಾನು ನಗುವೆಂದು ಕರೆಯಲಾರೆ, ಅದು ಬರಿಯ ಜಾಗರಣೆ. ಅದರಿಂದ ವಾತವೇ ಕೆರಳುತ್ತದೆ.

ಬಾಯಿ ಒಂದು ಕಡೆಗೆ ವಕ್ರವಾಗುವ ಅರ್ದಿತವಾತದ ಕಾರಣಗಳಲ್ಲಿ ಸುಶ್ರುತನು ನಗುವನ್ನೂ ಎಣಿಸಿದ್ದಾನೆ. ಆ ರೋಗವೆಂದರೆ ನನಗೆ ಒಂದು ರಾತ್ರಿ ಕಣ್ಣೆದುರು ನಿಲ್ಲುತ್ತದೆ.

ಐವತ್ತು ದಾಟಿದ ರೈತಾಪಿ ಮನೆಯ ತಾಯಿಯೊಬ್ಬರು ಅರ್ದಿತಕ್ಕಾಗಿ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. (ಬಾಯಿ ವಕ್ರವಾದೊಡನೆ ಅದು ಮೆದುಳಿನ ಪಾರ್ಶ್ವವಾಯುವಲ್ಲವೆಂದು ತಡಮಾಡದೆ ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳಬೇಕು, ಅವರೂ ಹಾಗೆ ಮಾಡಿಸಿಕೊಂಡೇ ಬಂದಿದ್ದರು.) ಮುಖಕ್ಕೆ ಎಣ್ಣೆ ನೀವಿ, ಬಿಸಿ ಕೊಟ್ಟು, ನಸ್ಯ ಮಾಡುತ್ತಿದ್ದೆ. ದಿನಕ್ಕೆ ಮೂರು ಸಲ ಕನ್ನಡಿಯ ಮುಂದೆ ನಗಲು ಯತ್ನಿಸಿರೆಂದು ಹೇಳಿದ್ದೆ. ಅದೇ ಹೊತ್ತಿಗೆ ಊರಿನ ಶಾಲೆಯೊಂದರ ವಾರ್ಷಿಕೋತ್ಸವ ಬಂದಿತು. ಮಕ್ಕಳ ಪ್ರಹಸನದಲ್ಲಿ ಹುಡುಗನೊಬ್ಬನು ಸೊಟ್ಟಬಾಯಿಯ ಮುದುಕಿಯಾಗಿ ಬಂದು ತೊದಲಿದನು. ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ನೋಡಿದರೆ, ಎರಡು ಸಾಲು ಮುಂದೆ ಆ ತಾಯಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕುಳಿತಿದ್ದರು.

ಮರುದಿನ ಅವರು ಚಿಕಿತ್ಸೆಗೆ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಹುಡುಗನನ್ನು ದೂರಲಾರೆ, ಪರದೆಯ ಮೇಲೆ ಕಂಡದ್ದನ್ನೇ ಅವನು ಮಾಡಿದ್ದನು, ಹಿರಿಯರಾದ ನಾವು ಚಪ್ಪಾಳೆ ತಟ್ಟಿದ್ದೆವು. ಹಾಸ್ಯಕ್ಕೆ ಕಾರಣವಾಗುವ ಸಂಗತಿಗಳಲ್ಲಿ ಅಂಗವೈಕಲ್ಯದ ದರ್ಶನವನ್ನೂ ಭರತಮುನಿ ಹೇಳಿದ್ದಾನೆ. ಆತನು ಮಹಾಮುನಿಯೇ ಸರಿ, ಆದರೆ ಆ ಮಾತನ್ನು ವೈದ್ಯನಾದ ನಾನು ಒಪ್ಪಲಾರೆ. ಯಾವ ತುಟಿಯನ್ನು ನಗಿಸಲು ವಾರಗಟ್ಟಲೆ ಎಣ್ಣೆ ನೀವಿದ್ದೆನೋ ಆ ತುಟಿಯನ್ನು ಹತ್ತು ನಿಮಿಷದ ಪ್ರಹಸನವೊಂದು ಸೆರಗಿನೊಳಗೆ ಮುಚ್ಚಿಬಿಟ್ಟಿತು.

ಎರಡನೆಯ ವಾರ ನಾನೇ ಅವರ ಮನೆಗೆ ಹೋದೆ. ಆ ರಾತ್ರಿ ನಾನೂ ನಕ್ಕೆನೆಂದು ಒಪ್ಪಿಕೊಂಡೆ. ಅವರು ತಲೆ ತಗ್ಗಿಸಿ, "ಇರಲಿ ಬಿಡ್ರಿ ಡಾಕ್ಟರೇ" ಎಂದರಷ್ಟೆ. ಅಷ್ಟರಲ್ಲಿ ಒಳಗಿನಿಂದ ಅವರ ಮೊಮ್ಮಗನು ಯಾರದೋ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿಕೊಂಡು ಬಂದನು. ನನ್ನ ಮುಂಗೈ ಹಿಡಿದು, ಕಣ್ಣು ಮುಚ್ಚಿ, ಥೇಟ್ ನನ್ನ ದನಿಯಲ್ಲಿಯೇ, "ಖಾರ ಬಿಡ್ರಿ, ಮೊಸರು ಬಿಡ್ರಿ, ರಾತ್ರಿ ನಿದ್ದಿಗೆಡಬ್ಯಾಡ್ರಿ" ಎಂದನು. ಆ ತಾಯಿ ಗಟ್ಟಿಯಾಗಿ ನಕ್ಕುಬಿಟ್ಟರು. ಸದ್ವೃತ್ತವನ್ನು ನಾನು ನೆನಪಿಸಲಿಲ್ಲ. ಸೆರಗು ಹೆಗಲ ಮೇಲೆಯೇ ಇತ್ತು. ಎಡತುಟಿಯ ಅಂಚು ತುಸು ತಡವಾಗಿಯಾದರೂ ಬಲದ ಹಿಂದೆಯೇ ಮೇಲಕ್ಕೇರಿತು. ಮರುದಿನ ಬೆಳಿಗ್ಗೆ ನಸ್ಯಕ್ಕೆ ಬಂದರು.