ತಾಳಯಂತ್ರ ಮತ್ತು ಮಂದ್ರಯಂತ್ರ: ಎರಡು ವಿದ್ಯುದ್ವಾದ್ಯಗಳ ನಾದವಿಚಾರ

ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಸಿಂಥೆಸೈಜರ್ ವಾದ್ಯಗಳಲ್ಲಿ ಎರಡನ್ನು ಮಾತ್ರ ಇಲ್ಲಿ ವಿವೇಚನೆಗೆ ತೆಗೆದುಕೊಳ್ಳುತ್ತೇವೆ. ಎರಡೂ ಜಪಾನಿನ ರೋಲೆಂಡ್ ಸಂಸ್ಥೆಯವು. 1980ರಲ್ಲಿ ಬಂದ ಟಿಆರ್-808 ತಾಳಕ್ಕೆ ಮೀಸಲು. 1981ರಲ್ಲಿ ಬಂದ ಟಿಬಿ-303 ಹಾಡಿನ ಅಡಿಯಲ್ಲಿ ಸಾಗುವ ಮಂದ್ರಸ್ವರಗಳಿಗೆ ಮೀಸಲು. ಡ್ರಮ್ ಬಾರಿಸುವವನೂ ಬೇಸ್ ಗಿಟಾರ್ ನುಡಿಸುವವನೂ ಇಲ್ಲದೆಡೆ ಅವರ ಸ್ಥಾನವನ್ನು ತುಂಬುವುದು ಇವುಗಳ ಉದ್ದೇಶವಾಗಿತ್ತು. ಆ ಉದ್ದೇಶ ನೆರವೇರಲಿಲ್ಲ. 808ರ ತಯಾರಿಕೆ 1983ರಲ್ಲಿಯೂ 303ರದು 1984ರಲ್ಲಿಯೂ ನಿಂತುಹೋಯಿತು. ಆದರೂ ಆ ಬಳಿಕದ ವಿದ್ಯುನ್ಮಾನ ಸಂಗೀತದಲ್ಲಿ ಇವುಗಳಷ್ಟು ಸುಲಭವಾಗಿ ಗುರುತು ಹಿಡಿಯಬಹುದಾದ ಧ್ವನಿ ವಿರಳ. ಅನುಕರಣದಲ್ಲಿ ಸೋತ ವಾದ್ಯ ಹೇಗೆ ಬಾಳಿತು ಎಂಬುದಕ್ಕೆ ಉತ್ತರ ಅದರ ಒಳರಚನೆಯಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

808ರಲ್ಲಿ ನಿಜವಾದ ಡ್ರಮ್ಮಿನ ಧ್ವನಿಮುದ್ರಿಕೆ ಯಾವುದೂ ಇಲ್ಲ. ಅದೇ 1980ರಲ್ಲಿ ಅಮೆರಿಕದಲ್ಲಿ ಹೊರಬಂದ ಲಿನ್ ಎಲ್‌ಎಂ-1 ಯಂತ್ರ ನಿಜವಾದ ಡ್ರಮ್ಮುಗಳ ಧ್ವನಿಯನ್ನು ಅಂಕಿಗಳ ರೂಪದಲ್ಲಿ ಸಂಗ್ರಹಿಸಿಟ್ಟುಕೊಂಡಿತ್ತು. ಅದರ ಬೆಲೆ ಸುಮಾರು 5,000 ಡಾಲರ್. 808ರದು ಸುಮಾರು 1,200. ಅಗ್ಗದ ಯಂತ್ರ ಧ್ವನಿಯನ್ನು ತಾನೇ ಕಟ್ಟಿಕೊಳ್ಳಬೇಕಾಯಿತು. ಗಂಟೆಯನ್ನು ಒಮ್ಮೆ ಬಡಿದರೆ ಅದು ತನ್ನಷ್ಟಕ್ಕೆ ಮೊಳಗಿ ಅಡಗುವಂತೆ, ಇದರ ವಿದ್ಯುನ್ಮಂಡಲಕ್ಕೆ ಕ್ಷಣಮಾತ್ರದ ಒಂದು ವಿದ್ಯುತ್ ಪೆಟ್ಟು ಬಿದ್ದೊಡನೆ ಅದು ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿ ಕ್ರಮೇಣ ಶಾಂತವಾಗುತ್ತದೆ. ಇದೇ ಅದರ ದೊಡ್ಡ ಡ್ರಮ್. ಅಡಗುವ ಅವಧಿಯನ್ನು ಒಂದು ತಿರುಪಿನಿಂದ ಹೆಚ್ಚಿಸಿದರೆ, ಪೆಟ್ಟಾಗಿದ್ದದ್ದು ದೀರ್ಘವಾದ ಮಂದ್ರಸ್ವರವೇ ಆಗಿಬಿಡುತ್ತದೆ. ಯಾವ ಚರ್ಮವೂ ಹೀಗೆ ನುಡಿಯದು.

ಕಂಚಿನ ತಟ್ಟೆಯ ಧ್ವನಿಯನ್ನು ಕಟ್ಟಿದ ಬಗೆ ಇನ್ನೂ ಕುತೂಹಲಕರ. ಮೃದಂಗದ ಕರಣೆಯಿಂದಾಗಿ ಅದರ ಮೇಲ್ಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಿಗೆ ಹೊಂದಿಕೊಳ್ಳುತ್ತವೆಂದು ಸಿ. ವಿ. ರಾಮನ್ ತೋರಿಸಿಕೊಟ್ಟದ್ದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಲೋಹದ ತಟ್ಟೆಯಲ್ಲಿ ಆ ಹೊಂದಿಕೆಯಿಲ್ಲ; ಅದರ ಝಣತ್ಕಾರಕ್ಕೆ ಅದೇ ಕಾರಣ. ಆದ್ದರಿಂದ 808ರಲ್ಲಿ ಪರಸ್ಪರ ಹೊಂದದ ಕಂಪನಸಂಖ್ಯೆಗಳುಳ್ಳ ಆರು ಚೌಕತರಂಗಗಳನ್ನು ಬೆರೆಸಿ, ಮಂದ್ರಭಾಗವನ್ನು ಸೋಸಿ ತೆಗೆಯುತ್ತಾರೆ. ಆರರ ಪೈಕಿ ಎರಡೇ, ಸುಮಾರು 540 ಮತ್ತು 800 ಕಂಪನಗಳವು, ದನದ ಕೊರಳ ಗಂಟೆಯಾಗುತ್ತವೆ. ದನಕರುಗಳ ನಡುವೆ ಬೆಳೆದವರು ಇದನ್ನೊಪ್ಪುವುದು ಕಷ್ಟ.

303ರ ರಚನೆ ಇದಕ್ಕಿಂತ ಸರಳ. ಅದರಲ್ಲಿರುವುದು ಒಂದೇ ಸ್ವರಮೂಲ. ತರಂಗವು ಗರಗಸದ ಹಲ್ಲಿನ ಆಕಾರದ್ದು, ಇಲ್ಲವೇ ಚೌಕಾಕಾರದ್ದು. ಅದು ಒಂದು ಶೋಧಕದ ಮೂಲಕ ಹಾಯುತ್ತದೆ. ಯಾವ ಎತ್ತರದವರೆಗಿನ ಮೇಲ್ಸ್ವರಗಳನ್ನು ಬಿಡಬೇಕು, ಆ ಗಡಿಯಲ್ಲಿ ಎಷ್ಟು ಅನುನಾದ ಇರಬೇಕು ಎಂಬುದನ್ನು ತಿರುಪುಗಳು ನಿರ್ಧರಿಸುತ್ತವೆ. ಒತ್ತು ಕೊಟ್ಟ ಸ್ವರ ಬರಿಯ ಜೋರಾಗುವುದಿಲ್ಲ, ಅದರ ಬಣ್ಣವೂ ಬದಲಾಗುತ್ತದೆ. ಒತ್ತುಗಳು ಒಂದರ ಹಿಂದೊಂದು ಬಂದರೆ ಮೊದಲಿನದರ ಪರಿಣಾಮ ಪೂರ್ತಿ ಇಳಿಯುವ ಮುನ್ನವೇ ಮುಂದಿನದು ಸೇರಿ ಧ್ವನಿ ಮೇಲೇರುತ್ತದೆ. ಬೇಸ್ ಗಿಟಾರಿನಲ್ಲಿ ಇಂಥದೇನೂ ಇಲ್ಲ.

ಮಾರಾಟವಾಗದ ಯಂತ್ರಗಳು ಅಗ್ಗವಾಗಿ ಕೈಬದಲಾಯಿಸಿದಾಗ ಈ ಹೋಲದಿರುವಿಕೆಯೇ ಉಪಯೋಗಕ್ಕೆ ಬಂದಿತು. 1982ರ 'ಪ್ಲಾನೆಟ್ ರಾಕ್' ಹಾಡಿನಲ್ಲಿ 808 ತಾನು ಯಂತ್ರವೆಂಬುದನ್ನು ಮರೆಮಾಚುವುದಿಲ್ಲ. ಷಿಕಾಗೋ ನಗರದ ಫ್ಯೂಚರ್ ಎಂಬ ತಂಡ 1987ರಲ್ಲಿ ಹೊರತಂದ 'ಆಸಿಡ್ ಟ್ರ್ಯಾಕ್ಸ್' ಇನ್ನೂ ಮುಂದೆ ಹೋಯಿತು: ಅಲ್ಲಿ 303ರ ಒಂದೇ ಸ್ವರಪಂಕ್ತಿ ಆವರ್ತಿಸುತ್ತಿರುತ್ತದೆ, ವಾದಕರು ತಿರುಪುಗಳನ್ನಷ್ಟೇ ತಿರುಗಿಸುತ್ತಾರೆ. ರಂಜನೆಯ ಹೊಣೆ ಸ್ವರದಿಂದ ಬಣ್ಣಕ್ಕೆ ಸರಿಯಿತು. ಆಸಿಡ್ ಹೌಸ್ ಎಂಬ ಪದ್ಧತಿ ಹುಟ್ಟಿದ್ದು ಹೀಗೆ.

ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ದುಡಿದ ಚರಣ್‌ಜಿತ್ ಸಿಂಗ್ 1982ರಲ್ಲಿಯೇ ಈ ಎರಡು ಯಂತ್ರಗಳೊಡನೆ ಜ್ಯುಪಿಟರ್-8 ಎಂಬ ಕೀಲಿಮಣೆಯ ಸಿಂಥೆಸೈಜರನ್ನೂ ಬಳಸಿ ಹತ್ತು ಹಿಂದೂಸ್ತಾನಿ ರಾಗಗಳ ತಟ್ಟೆಯೊಂದನ್ನು ಹೊರತಂದಿದ್ದರು. ಅಂದು ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮತ್ತೆ ಪ್ರಕಟವಾದಾಗ, ಆಸಿಡ್ ಹೌಸಿನ ಜನಕ ಇವರೇ ಎಂಬ ಮಾತು ಎದ್ದಿತು. ನಾವು ಇದನ್ನೊಪ್ಪಲಾರೆವು. ಷಿಕಾಗೋದವರು ಆ ತಟ್ಟೆಯನ್ನು ಕೇಳಿದ್ದರೆಂಬುದಕ್ಕೆ ಆಧಾರವಿಲ್ಲ; ಎರಡೂ ಕಡೆ ಯಂತ್ರ ಒಂದೇ ಆದುದರಿಂದ ಧ್ವನಿ ಹೋಲುತ್ತದೆ, ಉದ್ದೇಶ ಹೋಲುವುದಿಲ್ಲ. ಸಿಂಗ್ ಅವರ ಯತ್ನವನ್ನು ಅದರದೇ ಸಮಸ್ಯೆಯಿಂದ ಅಳೆಯುವುದು ನ್ಯಾಯ. 303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯವಿದೆ, ಆದರೆ ಜಾರುವ ವೇಗ ಸ್ಥಿರ; ಸ್ವರಸ್ಥಾನಗಳು ಸಮವಾಗಿ ಹಂಚಿದ ಹನ್ನೆರಡೇ. ತೋಡಿಯ ಗಾಂಧಾರಕ್ಕೆ ಬೇಕಾದ ಸೂಕ್ಷ್ಮವಾದ ಇಳಿತ ಅದರಿಂದ ಸಾಧ್ಯವಿಲ್ಲ. ಆದ್ದರಿಂದಲೇ ಅವರು ರಾಗದ ಮುಖ್ಯ ಸಂಚಾರವನ್ನು ಜ್ಯುಪಿಟರಿನ ಮೇಲೆ ಕೈಯಿಂದ ನುಡಿಸಿ, 303ಕ್ಕೆ ಅಡಿಯಲ್ಲಿ ಆವರ್ತಿಸುವ ಮಂದ್ರಪಂಕ್ತಿಯನ್ನು ವಹಿಸಿದರು.